ಊದುಗೊಳವೆಯಿಂದ ಹಾರಿದ ರಾಕೆಟ್

ನಿನ್ನೆ ಸಂಜೆ ವಿಜಯನಗರದ ನಮ್ಮ ಮನೆಯ ತಿರುವಿನಲ್ಲಿ ಕಡಲೆಕಾಯಿ ಕೊಂಡೆ. ಹುರಿದ ಕಡಲೆಕಾಯಿಯ ಬಿಸಿ ಅಂಗೈಗೆ ಹಿತವಾಗಿತ್ತು. ಹಲ್ಲಿಗೆ ಅಷ್ಟು ಹಿತವಲ್ಲ, ಆ ಮಾತು ಬೇರೆ. ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ ಅದು ಯಾವುದೋ ಕಾಲೇಜು ಹುಡುಗನ ಫಿಸಿಕ್ಸ್ ರೆಕಾರ್ಡಿನ ಹಾಳೆ. ಅಕ್ಷರವಿದ್ದ ಕಾಗದವನ್ನು ಓದದೆ ಬಿಸಾಡುವ ಜಾತಿ ನನ್ನದಲ್ಲ, ಓದಿದೆ. ಪುಸ್ತಕದ ಲೆಕ್ಕದಲ್ಲಿ ಎಷ್ಟು ಬರಬೇಕೋ ಪ್ರಯೋಗದಲ್ಲೂ ಅಷ್ಟೇ ಬಂದಿತ್ತು, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಪಕ್ಕದಲ್ಲಿ ಮೇಷ್ಟ್ರ ಕೆಂಪು ಶಾಯಿಯಲ್ಲಿ ‘ವೆರಿ ಗುಡ್’. ನನಗೆ ಸಿಟ್ಟು ನೆತ್ತಿಗೇರಿತು.

ವಯಸ್ಸಾದವರು ಇಷ್ಟಿಷ್ಟಕ್ಕೆಲ್ಲ ರೇಗುತ್ತಾರೆ ಎಂದು ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಆದರೆ ಈ ಸಿಟ್ಟು ವಯಸ್ಸಾದ ಮೇಲೆ ಬಂದದ್ದಲ್ಲ. ಲಂಗ ಬಿಟ್ಟು ಸೀರೆ ಉಡಲು ಕಲಿತು, ಆ ಸೀರೆಯನ್ನು ಸೈಕಲ್ ಚಕ್ರಕ್ಕೆ ಸಿಗಿಸಿಕೊಂಡು ಬಿದ್ದು, ಎದ್ದು ಓಡಾಡುತ್ತಿದ್ದ ಕಾಲದಿಂದ ಅದು ನನ್ನ ಜೊತೆಗಿದೆ.

ಆಗ ನಾನು ಇಂಟರ್‌ಮೀಡಿಯೆಟ್‌ನಲ್ಲಿದ್ದೆ. ಫಿಸಿಕ್ಸ್ ಕ್ಲಾಸಿನಲ್ಲಿ ಹುಡುಗಿಯರು ಇಬ್ಬರೇ, ನಾನು ಮತ್ತು ಫಿಲೋಮಿನಾ. ಫಿಲೋಮಿನಾ ಇಗರ್ಜಿ ಹತ್ತಿರದ ಬೀದಿಯವಳು. ಅವಳ ಅಣ್ಣಂದಿರೆಲ್ಲ ಫುಟ್‌ಬಾಲ್ ಹುಚ್ಚರು. ನಮ್ಮಪ್ಪಾಜಿಗೆ ಸಂತೇಪೇಟೆಯಲ್ಲಿ ಜವಳಿ ಅಂಗಡಿ. ಮಗಳು ಬಿ.ಎಸ್ಸಿ. ಓದಲು ಬೆಂಗಳೂರಿಗೆ ಹೋಗುತ್ತೇನೆಂದಾಗ ಅವರು ಇಲ್ಲ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. “ಫಸ್ಟ್ ಕ್ಲಾಸ್ ಬರ್ಲಿ, ಕಳಿಸ್ತೀನಿ. ಬರ್ಲಿಲ್ಲ ಅಂದ್ರೆ ಆ ಮಾತು ಎತ್ತಕೂಡದು” ಎಂದರು. ಬಟ್ಟೆ ಅಳೆಯುವವರ ಮಾತು, ಒಂದು ಗೇಣು ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಒಪ್ಪಿಕೊಂಡೆ.

ಆ ವರ್ಷ ನಮ್ಮ ಫಿಸಿಕ್ಸ್ ಮೇಷ್ಟ್ರು ಒಂದು ಹೊಸ ಕಟ್ಟಳೆ ಮಾಡಿದರು. ಪ್ರತಿಯೊಬ್ಬರೂ ತಾವೇ ಯೋಚಿಸಿ ಒಂದು ಪ್ರಯೋಗ ಹೂಡಬೇಕು. ಅದಕ್ಕೆ ಅವರು ಕೊಡುವ ಅಂಕ ಪ್ರಾಕ್ಟಿಕಲ್ಲಿಗೆ ಸೇರುತ್ತದೆ. ಮೇಷ್ಟ್ರೆಂದರೆ ಕರಿ ಕೋಟು, ಜರಿ ಪೇಟ, ಹಣೆಯಲ್ಲಿ ಗಂಧ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಸಿಟ್ಟು ಬಂದರೆ ಮಾತ್ರ ಕನ್ನಡ. ನನ್ನ ಹತ್ತಿರ ಅವರು ಆಡಿದ್ದು ಹೆಚ್ಚಾಗಿ ಕನ್ನಡವೇ.

ವಸ್ತುವನ್ನು ಯಾವ ಕೋನದಲ್ಲಿ ಎಸೆದರೆ ಅತಿ ದೂರ ಹೋಗುತ್ತದೆ ಎಂಬ ಪಾಠ ಆಗಷ್ಟೇ ಮುಗಿದಿತ್ತು. ಪುಸ್ತಕದಲ್ಲಿ ಉತ್ತರ ನಲವತ್ತೈದು ಡಿಗ್ರಿ. ಅಲ್ಲಿ ಹಾರುತ್ತಿದ್ದದ್ದು ತೋಪಿನ ಗುಂಡು. ತೋಪು ಇದ್ದದ್ದು ನಮ್ಮೂರ ಅರಮನೆಯಲ್ಲಿ, ನನ್ನ ಪ್ರಯೋಗಕ್ಕೆಂದು ಯಾರೂ ಎರವಲು ಕೊಡುವಂತಿರಲಿಲ್ಲ. ನನ್ನ ಕೈಗೆ ಸಿಕ್ಕಿದ್ದು ಅವ್ವನ ಊದುಗೊಳವೆ. ಅದರ ಸುತ್ತ ಕಾಗದ ಸುತ್ತಿ, ಅನ್ನದ ಅಗುಳಿನಿಂದ ಅಂಟಿಸಿ, ಒಂದು ತುದಿ ಮುಚ್ಚಿ, ಬಾಲಕ್ಕೆ ಹಳೆಯ ಲಗ್ನಪತ್ರಿಕೆ ಕತ್ತರಿಸಿ ರೆಕ್ಕೆ ಹಚ್ಚಿದೆ. ಕೊಳವೆಗೆ ತೊಡಿಸಿ ಉಫ್ ಎಂದು ಊದಿದರೆ ಹಿತ್ತಿಲ ಗೋಡೆ ದಾಟಿ ಪಕ್ಕದ ಮನೆಯವರ ಹಪ್ಪಳದ ಮೇಲೆ ಹೋಗಿ ಕೂತಿತು. ದೀಪಾವಳಿಯ ಬಾಣವನ್ನು ಎಲ್ಲರೂ ರಾಕೆಟ್ ಎನ್ನುತ್ತಿದ್ದರು, ನಾನೂ ಇದಕ್ಕೆ ಅದೇ ಹೆಸರಿಟ್ಟೆ. ಅತ್ತ ಅಡುಗೆಮನೆಯಲ್ಲಿ ಅವ್ವ ಹಸಿ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, “ಕೊಳವೆ ಎಲ್ಲೇ? ನಿನ್ನ ಕಾಲೇಜು ಮನೆ ಒಲೇನೂ ಬಿಡಾಕಿಲ್ವಾ?” ಎಂದು ಕೂಗುತ್ತಿದ್ದಳು.

ಮರುದಿನ ಅದನ್ನು ತೊಳೆದು ಬೆಳಗಿ ಮೇಷ್ಟ್ರ ಮೇಜಿನ ಮೇಲಿಟ್ಟು ವಿವರಿಸಿದೆ. ಊದುವ ಮಾತು ಬರುತ್ತಲೇ ಅವರು ಕುರ್ಚಿ ಹಿಂದಕ್ಕೆಳೆದುಕೊಂಡರು.

“ಏನ್ರೀ ಇದು? ಬಾಯಿಟ್ಟು ಊದಿದ ಎಂಜಲು ಕೊಳವೇನ ತಂದು ನನ್ನ ಟೇಬಲ್ ಮೇಲೆ ಇಡ್ತೀರಲ್ಲ. ತೆಗೀರಿ. ನಾಳೆ ನಾನಿದನ್ನ ಮುಟ್ಟಿ ಪರೀಕ್ಷೆ ಮಾಡೋದು ಹ್ಯಾಗೆ?”

ಒಲೆ ಊದುವಾಗ ಎಂಜಲಾಗದ ಕೊಳವೆ ಕಾಲೇಜಿಗೆ ಬಂದ ಕೂಡಲೇ ಎಂಜಲಾಯಿತು. ಹುಡುಗರು ಕಿಸಕ್ಕೆಂದರು. ಬಾಯಿ ತಾಗದಂತೆ ಹಾರಿಸುವುದಾದರೆ ತನ್ನಿ, ಇಲ್ಲದಿದ್ದರೆ ಸುಮ್ಮನೆ ಲೋಲಕದ ಪ್ರಯೋಗ ಮಾಡಿ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಹೊರಗೆ ಬಂದಾಗ ಫಿಲೋಮಿನಾ ಬುದ್ಧಿ ಹೇಳಿದಳು: “ಲೋಲಕಾನೇ ಸರಿ ಕಣೇ. ಮೊದಲು ಪುಸ್ತಕ ನೋಡಿ ಉತ್ತರ ಬರಿ, ಆಮೇಲೆ ಪ್ರಯೋಗ ಮಾಡು. ನಾನು ಅಂಗೇ ಮಾಡಿ ಮುಗಿಸ್ಬುಟ್ಟೆ.” ಎಲ್ಲರೂ ಮಾಡುತ್ತಿದ್ದದ್ದು ಹಾಗೇ. ಉತ್ತರ ಮೊದಲು, ಅಳತೆ ಆಮೇಲೆ.

ನನಗೆ ಹಟ ಹಿಡಿಯಿತು. ಬಾಯಿ ಬೇಡವೆಂದರೆ ಬೇಡ. ಫಿಲೋಮಿನಾಳೇ ಅಣ್ಣಂದಿರ ಕಣ್ಣು ತಪ್ಪಿಸಿ ಒಂದು ಫುಟ್‌ಬಾಲ್ ಬ್ಲಾಡರ್, ಎಂದರೆ ಚೆಂಡಿನೊಳಗಿನ ರಬ್ಬರ್ ಚೀಲ, ತಂದುಕೊಟ್ಟಳು. ಅದಕ್ಕೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಅದರ ಬಾಯನ್ನು ಕೊಳವೆಗೆ ಬಿಗಿದು, ಮೇಲೆ ಒಂದು ಹಲಗೆ ಇಟ್ಟು, ಹಲಗೆಯ ಮೇಲೆ ಲ್ಯಾಬಿನ ಕಬ್ಬಿಣದ ಗುಂಡನ್ನು ಯಾವಾಗಲೂ ಸ್ಟೂಲಿನ ಎತ್ತರದಿಂದಲೇ ಬೀಳಿಸುವುದು, ಗಾಳಿ ನುಗ್ಗಿ ರಾಕೆಟ್ ಹಾರುತ್ತದೆ. ಮಾಡಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಊದುವಾಗ ಒಂದು ಸಲ ಉಸಿರು ಜೋರು, ಒಂದು ಸಲ ಮೆಲ್ಲಗೆ. ರಾಕೆಟ್ ಬಿದ್ದ ಜಾಗಕ್ಕೆ ನೆಚ್ಚಿಕೆಯಿರಲಿಲ್ಲ. ಈಗ ಒಂದೇ ಕೋನಕ್ಕೆ ಎಷ್ಟು ಸಲ ಬಿಟ್ಟರೂ ಹೆಚ್ಚುಕಡಿಮೆ ಅದೇ ಜಾಗ. ಮೇಷ್ಟ್ರ ಮಡಿಯಿಂದ ಭೌತಶಾಸ್ತ್ರಕ್ಕೆ ಒಳ್ಳೆಯದೇ ಆಯಿತು, ನಾನು ಅದನ್ನು ಇಲ್ಲವೆನ್ನುವುದಿಲ್ಲ.

ಕಾಲೇಜಿನ ಹಿಂದಿನ ಬಯಲಿನಲ್ಲಿ, ಮೇಯುವ ಹಸುಗಳನ್ನು ಓಡಿಸಿಕೊಂಡು, ಕೋನ ಬದಲಿಸಿ ಬದಲಿಸಿ ಹಾರಿಸಿದೆ. ಅತಿ ದೂರ ಹೋದದ್ದು ನಲವತ್ತೈದಕ್ಕಲ್ಲ, ನಲವತ್ತರ ಆಸುಪಾಸಿನಲ್ಲಿ. ಹೊಸ ರಾಕೆಟ್ ಸುತ್ತಿ ಹಾರಿಸಿದೆ. ಬೆಳಗಿನ ಹೊತ್ತು, ಒಂದು ಎಲೆಯೂ ಅಲುಗದಾಗ ಹಾರಿಸಿದೆ. ಮತ್ತೆ ನಲವತ್ತೇ. ಅದನ್ನೇ ಬರೆದು ಮೇಷ್ಟ್ರಿಗೆ ಒಪ್ಪಿಸಿದೆ.

“ತಪ್ಪು. ನಲವತ್ತೈದು ಬರಬೇಕು.”

“ಬರಲಿಲ್ಲ ಸಾರ್.”

“ಬರಲಿಲ್ಲ ಅಂದ್ರೆ ನಿಮ್ಮ ಕೈ ನಡುಗಿದೆ ಅಂತ ಅರ್ಥ. ಹೆಣ್ಮಕ್ಕಳ ಕೈಯಿ.”

ನನಗೆ ರೋಷ ಉಕ್ಕಿತು. “ಇದಕ್ಕೆ ಯಾರ ಕೈಯೂ ಬೇಕಾಗಿಲ್ಲ ಸಾರ್, ಬಾಯಂತೂ ಬೇಕಾಗೇ ಇಲ್ಲ. ತಾವೇ ಬಂದು ಗುಂಡು ಬಿಟ್ಟು ನೋಡಿ” ಎಂದುಬಿಟ್ಟೆ. ಹಿಂದಿನ ಬೆಂಚಿನವರೆಗೂ ಕೇಳಿಸಿತು. ಅಷ್ಟು ಜನರೆದುರು ಬರುವುದಿಲ್ಲ ಎನ್ನಲು ಅವರಿಗಾಗಲಿಲ್ಲ. ಬಯಲಿಗೆ ಬಂದರು, ಕ್ಲಾಸು ಪೂರಾ ಹಿಂದೆ ಬಂತು. ಪೇಟ ಸರಿಮಾಡಿಕೊಂಡು, ಕೋನ ತಾವೇ ಅಳೆದು ನಲವತ್ತೈದಕ್ಕಿಟ್ಟು, ತಮ್ಮ ಕೈಯಿಂದಲೇ ಗುಂಡು ಬಿಟ್ಟರು. ಆಮೇಲೆ ನಲವತ್ತಕ್ಕಿಳಿಸಿ ಬಿಟ್ಟರು. ಎರಡನೆಯದು ಮೊದಲಿನದನ್ನು ದಾಟಿ ಹೋಗಿ ಬಿತ್ತು. ಇನ್ನೊಮ್ಮೆ ಬಿಟ್ಟರು, ಹಾಗೇ ಆಯಿತು. ಹುಡುಗರು ಯಾರೂ ನಗಲಿಲ್ಲ. ನನ್ನ ಉಸಿರು ಸಾಲಲಿಲ್ಲ, ನನ್ನ ಕೈ ನಡುಗಿತು ಎನ್ನಲು ಅಲ್ಲಿ ನನ್ನ ಉಸಿರೂ ಇರಲಿಲ್ಲ, ಕೈಯೂ ಇರಲಿಲ್ಲ.

“ಗಾಳಿ ತಡೀತಾ ಇದೆ, ಅದಕ್ಕೇ ಹೀಗೆ” ಎಂದರು ಮೇಷ್ಟ್ರು, ಮೆಲ್ಲಗೆ.

“ಗಾಳಿ ಇಲ್ಲದ ಊರು ಎಲ್ಲಿದೆ ಸಾರ್?”

ಅವರು ಕೋಟು ಕೊಡವಿಕೊಂಡು ಲ್ಯಾಬಿನ ಕಡೆ ನಡೆದರು. ಅಲ್ಲಿ ನನ್ನೊಬ್ಬಳನ್ನೇ ಕರೆದು ಹೇಳಿದರು: “ನೋಡಮ್ಮ, ಸಿಲಬಸ್ಸಿನಲ್ಲಿ ನಲವತ್ತೈದು. ನಲವತ್ತೈದು ಅಂತ ತಿದ್ದಿ ತನ್ನಿ, ಪೂರ್ತಿ ಅಂಕ ಕೊಡ್ತೀನಿ. ಇಲ್ಲದಿದ್ರೆ ನಾನು ಏನು ಬರೀಬೇಕೋ ಅದನ್ನ ಬರೀತೀನಿ.”

ಆ ಅಂಕ ಹೋದರೆ ಫಸ್ಟ್ ಕ್ಲಾಸ್ ಹೋಯಿತು, ಫಸ್ಟ್ ಕ್ಲಾಸ್ ಹೋದರೆ ಬೆಂಗಳೂರು ಹೋಯಿತು. ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅಪ್ಪಾಜಿಗೆ ಇದು ಒಂದು ಸಮಸ್ಯೆಯಾಗಿಯೇ ಕಾಣಲಿಲ್ಲ.

“ಒಂದೇ ಒಂದು ಅಂಕಿ ಕಣಮ್ಮ. ತಿದ್ಬುಡು. ಗಿರಾಕಿ ಕೇಳಿದ ಬಣ್ಣ ಇಲ್ದಿದ್ರೆ ನಾನು ಅದರ ಹತ್ತಿರದ್ದು ತೋರ್ಸಲ್ವಾ?”

“ಹತ್ತಿರದ್ದು ತೋರಿಸ್ತೀರಿ ಅಪ್ಪಾಜಿ, ಅದೇ ಇದು ಅಂತ ಹೇಳಲ್ವಲ್ಲ.”

ಬಡಿಸುತ್ತಿದ್ದ ಅವ್ವ ಸೌಟು ಹಿಡಿದು ನಿಂತಳು. ಶಾಲೆಯ ಮೆಟ್ಟಿಲು ಹತ್ತದವಳು, ನನ್ನ ರಾಕೆಟ್ಟುಗಳನ್ನು ಬೈಯುತ್ತಲೇ ಇದ್ದವಳು. “ಕಣ್ಣಾರೆ ಕಂಡಿದ್ದನ್ನ ಕಾಣ್ಲಿಲ್ಲ ಅಂತ ಬರೆಯಕ್ಕೆ ಕಾಲೇಜ್ಗೆ ಯಾಕೋಗ್ಬೇಕು? ಮನೇಲಿದ್ರೂ ಆಯ್ತಿತ್ತಲ್ಲ” ಎಂದು ಅಪ್ಪಾಜಿಯ ತಟ್ಟೆಗೆ ಸಾರು ಬಿಟ್ಟಳು.

ನಾನು ತಿದ್ದಲಿಲ್ಲ. ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಫಲಿತಾಂಶ ತಪ್ಪು’ ಎಂದು ಷರಾ ಬರೆದು ಸಹಿ ಹಾಕಿದರು. ನನಗೆ ಬಂದದ್ದು ಸೆಕೆಂಡ್ ಕ್ಲಾಸ್. ಅಪ್ಪಾಜಿ ಆಡಿದ ಮಾತಿಗೆ ನಿಂತರು, ಆ ಮಾತನ್ನು ನಾನೂ ಎತ್ತಲಿಲ್ಲ. ಇಲ್ಲೇ ಲೆಕ್ಕ ತೆಗೆದುಕೊಂಡು ಬಿ.ಎ. ಮಾಡಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾದೆ. ಬೆಂಗಳೂರಿಗೆ ಹೋದವರು ಆ ವರ್ಷದ ಹುಡುಗರು, ಎಲ್ಲರೂ ಪುಸ್ತಕ ನೋಡಿ ಉತ್ತರ ಬರೆದವರು. ಅಳು ಬಂತೇ ಎಂದು ಕೇಳಿದರೆ, ಹೌದು, ಬಂತು. ಹಿತ್ತಿಲ ಬಾವಿಕಟ್ಟೆಯ ಮೇಲೆ ಕೂತು ಹೊಟ್ಟೆತುಂಬ ಅತ್ತೆ.

ಇದನ್ನು ಬರೆಯಲು ಕುಳಿತಾಗ, ಹೋಗಲಿ, ಆ ಮೇಷ್ಟ್ರೂ ಎಂದೋ ತೀರಿಕೊಂಡರು, ಈ ಸಲ ಕ್ಷಮಿಸಿಬಿಡೋಣ ಎಂದುಕೊಂಡಿದ್ದೆ. ಬರೆಯುತ್ತ ಬರೆಯುತ್ತ ಆ ಮನಸ್ಸು ಹೋಯಿತು. ನೋಡದೆ ತಪ್ಪೆಂದಿದ್ದರೆ ಪಾಪ, ಗೊತ್ತಿಲ್ಲ ಎನ್ನಬಹುದಿತ್ತು. ಅವರು ತಮ್ಮ ಕೈಯಾರೆ ಗುಂಡು ಬಿಟ್ಟು, ಕಣ್ಣಾರೆ ನೋಡಿ, ಆಮೇಲೆ ತಪ್ಪೆಂದರು. ಆದ್ದರಿಂದ ಕ್ಷಮಿಸುವುದಿಲ್ಲ. ಅಂದು ತಿದ್ದದೆ ಇದ್ದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ, ಬೆಂಗಳೂರು ಕೈತಪ್ಪಿದ್ದಕ್ಕೆ ಸಂಕಟವುಂಟು. ಎರಡೂ ನಿಜ, ಎರಡೂ ನನ್ನವೇ. ಇನ್ನು ನಿಮಗೆ ನನ್ನ ಮಾತಿನ ಮೇಲೆ ಅನುಮಾನವಿದ್ದರೆ ಬನ್ನಿ. ನಮ್ಮ ಮನೆ ಹಿಂದಿನ ಸೈಟು ಇನ್ನೂ ಖಾಲಿ ಇದೆ, ಕಾಗದ ನಾನು ಸುತ್ತಿಕೊಡುತ್ತೇನೆ. ಗುಂಡು ಮಾತ್ರ ನೀವೇ ಬಿಡಬೇಕು.