ಎದುರು ಮನೆಯವರ ಕೊಡೆ

ಶ್ರೀರಾಂಪುರದಲ್ಲಿ ನಮ್ಮ ಎದುರು ಮನೆಯ ಹೆಂಗಸು ಮಧ್ಯಾಹ್ನ ಮೂರಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. ರಸ್ತೆ ದಾಟುವಷ್ಟಕ್ಕೇ, ಮೋಡವಿಲ್ಲದ ದಿನವೂ, ಕೈಯಲ್ಲಿ ಬಾಗಿದ ಹಿಡಿಯ ಉದ್ದ ಕೊಡೆ. ಕೂರುವ ಮೊದಲೇ, "ನಾಲ್ಕೂವರೆಗೆ ಎದ್ಬುಡ್ತೀನಿ ಕಣ್ರೀ" ಎನ್ನುತ್ತಿದ್ದರು.

ಒಮ್ಮೆ ಅವರಿಗೆ ನಮ್ಮ ಹೊಸ ಕಂಪ್ಯೂಟರಿನಲ್ಲಿ ಅಗ್ಗದ ಸಿ.ಡಿ.ಯ ಆಟವೊಂದನ್ನು ತೋರಿಸಿದೆ. ಮಂಕು ಚಿತ್ರಗಳು. ಕೋಣೆಯಲ್ಲಿ ಕೂಡಿಹಾಕಿದ ಹೆಂಗಸನ್ನು, ಅಲ್ಲಿನ ಸಾಮಾನುಗಳ ಮೇಲೆ ಮೌಸ್ ಒತ್ತುತ್ತಾ ಹೊರಗೆ ತರಬೇಕು. ನಾನು ವಾರವೆಲ್ಲ ಹೆಣಗಿ ಸೋತಿದ್ದೆ.

ಅವರು ಒಂದು ಗಳಿಗೆ ನೋಡಿದರು. "ಮೂಲೇಲಿ ಕೊಡೆ ಇದ್ಯಲ್ಲ, ಕಿಟಕಿಯಿಂದ ತೂರಿಸಿ. ಹಿಡಿಯಿಂದ ಹೊರಗಿನ ಚಿಲಕ ಎಳೀಬೇಕು."

ಬಾಗಿಲು ತೆರೆಯಿತು.

"ಹೆಂಗ್ರೀ ಗೊತ್ತಾಯ್ತು?" ಎಂದು ನಕ್ಕೆ.

ಅವರು ನಗಲಿಲ್ಲ. ಮುಂಗೈ ಮೇಲಿನ ಗಾಯದ ಗೆರೆಗಳ ಮೇಲೆ ಎಂದಿನಂತೆ ಸೆರಗು ಎಳೆದುಕೊಂಡರು. ಬಾಣಲೆಯ ಅಂಚು ತಗುಲಿದ ಗುರುತೆಂದೇ ನಾನು ತಿಳಿದಿದ್ದೆ.

"ಹೊರಟೆ ಕಣ್ರೀ. ನಮ್ಮ ಯಜಮಾನ್ರು ಬರೋಷ್ಟರಲ್ಲಿ ಒಳಗೆ ಹೋಗಿ ಮತ್ತೆ ಹೊರಗಿನ ಚಿಲಕ ಹಾಕ್ಕೋಬೇಕು. ತೆಗೆಯೋದಕ್ಕಿಂತ ಅದೇ ಕಷ್ಟ."

ವರಾಂಡದಲ್ಲಿ ನಿಂತು ನೋಡಿದೆ. ಅವರ ಕಿಟಕಿಯ ಸರಳುಗಳ ನಡುವಿನಿಂದ ಕೊಡೆಯ ಹಿಡಿ ಹೊರಬಂದು, ಬಾಗಿಲಿನ ಚಿಲಕಕ್ಕಾಗಿ ತಡಕಾಡುತ್ತಿತ್ತು.