ನೀರು ಕುಡಿದವಳಿಗೆ ನಕ್ಷತ್ರ

ನಮ್ಮ ಶಿಶುವಿಹಾರದ ಗೇಟಿಗೆ "ಇಲ್ಲಿ ನಿಂತು ಮಾತನಾಡಬಾರದು" ಎಂಬ ಬೋರ್ಡು ತಗುಲಿಹಾಕಿದ ದಿನವೇ ನನಗೆ ಇದು ಒಳ್ಳೆಯದಕ್ಕಲ್ಲ ಅನ್ನಿಸಿತ್ತು. ನಾನು ಶಕುನ ನೋಡುವವಳಲ್ಲ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ಬೈದು ಮುಂದೆ ಹೋಗುವ ಜಾಯಮಾನ ನನ್ನದು. ಆದರೂ ಅವತ್ತು ಆ ಬೋರ್ಡಿನ ಮುಂದೆ ಒಂದು ಗಳಿಗೆ ನಿಂತೆ, ಯಾಕೋ ಹೆದರಿಕೆಯಾಯಿತು.

ಬಸವನಗುಡಿಯ ಅಡ್ಡರಸ್ತೆಯೊಂದರ ಹಳೆಯ ಬಂಗಲೆಯ ಕೆಳಮನೆಯಲ್ಲಿ ನಮ್ಮ ಶಿಶುವಿಹಾರ. ಮೂರು ವರ್ಷ ತುಂಬಿದ ಮಕ್ಕಳ ಕ್ಲಾಸು ಮೊದಲಿನಿಂದಲೂ ನನ್ನದೇ. ಮಧ್ಯಾಹ್ನ ಮಕ್ಕಳನ್ನು ಒಬ್ಬೊಬ್ಬರಾಗಿ ಗೇಟಿನವರೆಗೆ ಕರೆದುಕೊಂಡು ಹೋಗಿ, ಬಂದವರ ಕೈಗೆ ಮಗುವಿನ ಕೈ ಇಟ್ಟು, ಒಂದು ಮಾತು ಹೇಳಿ ಕಳಿಸುವುದು ನಮ್ಮ ಪದ್ಧತಿ. "ಇವತ್ತು ಚಪಾತಿ ಪೂರ್ತಿ ತಿಂದ." "ಇವತ್ತು ಸ್ವಲ್ಪ ಜಗಳ ಆಯ್ತು, ಆಮೇಲೆ ಇಬ್ರೂ ರಾಜಿ ಆದ್ರು." ಅಷ್ಟೇ. ಅವರ ಬೆನ್ನ ಹಿಂದೆ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು, ಬೈಕಿನವರು ಕಾಲೂರಿ ಕಾಯುತ್ತಿದ್ದರು, ನಾನು ಯಾರಿಗೂ ಜಗ್ಗುತ್ತಿರಲಿಲ್ಲ.

ಕೆಟ್ಟ ಸುದ್ದಿಗೂ ಒಂದು ರೀತಿಯಿತ್ತು. ನಮ್ಮ ಮನೆಗಳಲ್ಲಿ ದೀಪ ಆರಿಸು ಅನ್ನುವುದಿಲ್ಲ. ಹೊರಟವರು ಹೋಗುತ್ತೇನೆ ಅನ್ನುವುದಿಲ್ಲ, ಹೋಗಿ ಬರುತ್ತೇನೆ ಅನ್ನುತ್ತಾರೆ. ಇನ್ನು ಎಳೆ ಮಗುವಿನ ತಲೆಯ ಮೇಲೆ ನಿಂತು ಇದಕ್ಕೇನೋ ಕಾಯಿಲೆ ಎಂದು ಯಾವ ಬಾಯಿ ಹೇಳೀತು? ಹಾಗಾಗಿ ಅಂಥ ದಿನ ಬಂದವರ ಮುಂಗೈಯನ್ನು ಒಂಚೂರು ಗಟ್ಟಿಯಾಗಿ ಹಿಡಿದು "ಸ್ವಲ್ಪ ನೋಡ್ಕೊಳ್ಳಿ" ಅನ್ನುತ್ತಿದ್ದೆ. ಹಾಗೆ ಅಂದ ಮೇಲೆ ಯಾವ ತಾಯಿಯೂ ಯಾವ ಅಜ್ಜಿಯೂ ನೆಟ್ಟಗೆ ಮನೆಗೆ ಹೋದದ್ದಿಲ್ಲ. ದಾರಿಯಲ್ಲೇ ಡಾಕ್ಟರ ಹತ್ತಿರ ನಿಂತು ಹೋಗುತ್ತಿದ್ದರು.

ಈ ಗೇಟಿನ ಮಾತುಗಳ ಬದಲಿಗೆ ಫೋನಿನಲ್ಲಿ ಒಂದು ಆ್ಯಪ್ ಬಂತು. ಅದನ್ನು ಮಾಡಿದವನು ನನ್ನ ಕ್ಲಾಸಿನ ಹುಡುಗಿಯೊಬ್ಬಳ ತಂದೆ. ಅವನನ್ನು ಕೆಟ್ಟವನೆಂದು ನಾನು ಇವತ್ತಿಗೂ ಹೇಳಲಾರೆ. ಒಂದು ವಾರ ನನ್ನ ಕ್ಲಾಸಿನಲ್ಲಿ ಮಕ್ಕಳ ಕುರ್ಚಿಯ ಮೇಲೆ, ಮಂಡಿ ಗಲ್ಲಕ್ಕೆ ತಾಗುವಂತೆ ಕೂತು ಎಲ್ಲವನ್ನೂ ಶ್ರದ್ಧೆಯಿಂದ ನೋಡಿದ. ಅವನ ಮಗಳು ಎರಡು ಜಡೆ ಹಾಕಿಕೊಂಡು, ಅಪ್ಪ ತನ್ನ ಕ್ಲಾಸಿಗೆ ಸೇರಿದ್ದಾನೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಮಧ್ಯಾಹ್ನ ಗೇಟಿನ ಗದ್ದಲ ನೋಡಿ ಅವನು ತಲೆಯಾಡಿಸಿದ.

"ಇದೇ ನೋಡಿ ಮಿಸ್ ಪ್ರಾಬ್ಲಮ್ಮು. ನೀವು ಹೇಳೋದು ಕರ್ಕೊಂಡು ಹೋಗೋಕೆ ಬಂದಿರೋರಿಗೆ ಮಾತ್ರ ಗೊತ್ತಾಗುತ್ತೆ. ಆಫೀಸಲ್ಲಿರೋ ಅಪ್ಪ ಅಮ್ಮಂಗೆ ಏನೂ ತಲುಪೋದೇ ಇಲ್ಲ."

ಮಾತೇನೋ ನಿಜ. ಅವನ ಮನೆಯಿಂದ ದಿನಾ ಬರುತ್ತಿದ್ದದ್ದು ಅವನ ತಾಯಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು.

ಅಪ್ಪ ಅಮ್ಮಂದಿರು ದಿನವೂ ಕೇಳುವ ಪ್ರಶ್ನೆ ಯಾವುದು ಎಂದು ಅವನು ಕೇಳಿದಾಗ ನಾವು ಟೀಚರುಗಳೆಲ್ಲ ಒಂದೇ ಉತ್ತರ ಕೊಟ್ಟೆವು: ನೀರು ಕುಡಿಯಿತಾ? ಬೆಳಿಗ್ಗೆ ತುಂಬಿ ಬಂದ ಬಾಟಲಿ ಮಧ್ಯಾಹ್ನ ತುಂಬಿಕೊಂಡೇ ಹೋಗುತ್ತದೆ, ಮನೆಯಲ್ಲಿ ಅದೊಂದು ದೊಡ್ಡ ರಗಳೆ. ಅವನು ಅದಕ್ಕೊಂದು ಉಪಾಯ ಹೂಡಿದ. ಮಗು ನೀರು ಕುಡಿದಾಗಲೆಲ್ಲ ನಾವು ಫೋನಿನಲ್ಲಿ ಒಂದು ಲೋಟದ ಚಿತ್ರ ಒತ್ತಬೇಕು, ಅಪ್ಪ ಅಮ್ಮನ ಫೋನಿನಲ್ಲಿ ನಕ್ಷತ್ರ ಮೂಡುತ್ತದೆ. ತಾನಾಗಿಯೇ ಟಾಯ್ಲೆಟ್ ಕೇಳಿ ಹೋದರೆ ಇನ್ನೊಂದು ನಕ್ಷತ್ರ. ವಾರದ ಕೊನೆಗೆ ಹೆಚ್ಚು ನಕ್ಷತ್ರ ಪಡೆದ ಮಗುವಿನ ಫೋಟೋಗೆ ಒಂದು ಕಿರೀಟ.

ಮಗುವಿಗೆ ತೊಂದರೆಯಾದರೆ ಒತ್ತಲು ಕೆಂಪು ಗುಂಡಿಯೊಂದನ್ನೂ ಇಟ್ಟಿದ್ದ. ಎಲ್ಲವೂ ಕನ್ನಡದಲ್ಲಿರಲಿ ಎಂದು ನಮ್ಮ ಹೆಡ್ ಮೇಡಂ ಹೇಳಿದ್ದರಿಂದ ಅದರ ಮೇಲೆ "ಅಪಾಯ" ಎಂದು ಬರೆದಿತ್ತು, ಒಂದೊಂದು ಮಗುವಿನ ಫೋಟೋದ ಪಕ್ಕದಲ್ಲೂ ಒಂದೊಂದು. ಅದನ್ನು ನೋಡಿದ್ದೇ ನನ್ನ ಪಕ್ಕದ ಕ್ಲಾಸಿನ ಟೀಚರು "ಬಿಡ್ತು ಅನ್ನಿ, ಬಿಡ್ತು ಅನ್ನಿ" ಎಂದು ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಅವನು ನಕ್ಕ. ನಾನು ನಗಲಿಲ್ಲ. ಮಗುವಿನ ಮುಖದ ಪಕ್ಕ ಆ ಅಕ್ಷರವನ್ನು ನನಗೂ ಸಹಿಸಲಾಗಲಿಲ್ಲ. ಪೋಷಕರ ಸಭೆಯಲ್ಲೂ ಅದೇ ಗೊಣಗಾಟವಾಗಿ, ಕೊನೆಗೆ ಅವನು ಗುಂಡಿಯನ್ನು ತೆಗೆದು "ಇತರೆ" ಎಂಬ ಒಳಪುಟಕ್ಕೆ ಹಾಕಿದ. ಅದೇ ಸಭೆಯಲ್ಲಿ ಒಬ್ಬರು, ರಾಹುಕಾಲದಲ್ಲಿ ಮೆಸೇಜು ಬರದ ಹಾಗೆ ಮಾಡಲಾಗುತ್ತದೆಯೇ ಎಂದೂ ಕೇಳಿದರು. ಅದನ್ನು ಮಾತ್ರ ಅವನು ಒಪ್ಪಲಿಲ್ಲ, ಅಷ್ಟರ ಮಟ್ಟಿಗೆ ದೇವರು ದೊಡ್ಡವನು.

ಆಮೇಲೆ ಬೋರ್ಡು ಬಂತು. ಅಜ್ಜಿಯೋ ಡ್ರೈವರೋ ಗೇಟಿಗೆ ಬಂದರೆ ಕಾವಲಿನವನೇ ಮಗುವನ್ನು ಕರೆದುಕೊಂಡು ಹೋಗಿ ಒಪ್ಪಿಸುತ್ತಿದ್ದ. ನಾವು ಒಳಗೆ ಕೂತು ಲೋಟ, ತಟ್ಟೆ, ನಗುವ ಮುಖಗಳನ್ನು ಒತ್ತುತ್ತಿದ್ದೆವು. ರಸ್ತೆ ಎಷ್ಟು ಶಾಂತವಾಯಿತೆಂದರೆ ಎದುರುಮನೆಯವರು ಮೇಡಂಗೆ ಥ್ಯಾಂಕ್ಸ್ ಹೇಳಿ ಹೋದರು. ನನಗೆ ಆ ನಿಶ್ಶಬ್ದ ಹಿಡಿಸಲಿಲ್ಲ.

ಎರಡು ಜಡೆಯವಳು ನೀರು ಕುಡಿಯಲು ಶುರುಮಾಡಿದ್ದು ಆ ದಿನಗಳಲ್ಲೇ. ಮೊದಮೊದಲು ನಕ್ಷತ್ರದ ಆಸೆಗೆಂದೇ ನಾನೂ ಅಂದುಕೊಂಡೆ. ಆಮೇಲೆ ನೋಡಿದರೆ ತನ್ನ ಬಾಟಲಿ ಮುಗಿಸಿ ಪಕ್ಕದವನ ಬಾಟಲಿಗೆ ಕೈ ಹಾಕುತ್ತಿದ್ದಳು. ಕಣ್ಣು ಮುಚ್ಚಿ, ಉಸಿರು ಕಟ್ಟಿ ಗಟಗಟ ಕುಡಿಯುತ್ತಿದ್ದಳು. ಕುಡಿದ ಕೂಡಲೇ ಟಾಯ್ಲೆಟ್ ಅನ್ನುತ್ತಿದ್ದಳು, ಬಂದು ಮತ್ತೆ ಬಾಟಲಿ ಹಿಡಿಯುತ್ತಿದ್ದಳು. ನಾನು ಲೋಟ ಒತ್ತುತ್ತಿದ್ದೆ, ನಕ್ಷತ್ರ ಹೋಗುತ್ತಿತ್ತು. ವಾರದ ಕೊನೆಗೆ ಕಿರೀಟ ಅವಳ ಫೋಟೋಗೇ ಬಂತು, ಮುಂದಿನ ವಾರವೂ ಅವಳಿಗೇ. ಅಷ್ಟರಲ್ಲಿ ಅವಳ ಸ್ಕರ್ಟು ಸೊಂಟದಲ್ಲಿ ನಿಲ್ಲದೆ ಜಾರತೊಡಗಿತ್ತು. ನಮ್ಮ ಆಯಾ ಅದಕ್ಕೆ ಪಿನ್ನು ಹಾಕಿದಳು.

ಅವಳ ತಂದೆ ಆ್ಯಪ್ ಹೇಗೆ ನಡೆಯುತ್ತಿದೆ ಎಂದು ನೋಡಲು ಒಂದು ದಿನ ಬಂದ. ಮುಖದ ತುಂಬ ಹೆಮ್ಮೆ.

"ನೋಡಿದ್ರಾ ಮಿಸ್, ಸ್ಕೂಲಿಗೆಲ್ಲ ನಮ್ಮ ಪುಟ್ಟಿನೇ ಫಸ್ಟು!"

"ನೋಡ್ದೆ ಸರ್. ಸ್ವಲ್ಪ ಜಾಸ್ತಿನೇ ಕುಡೀತಿದಾಳೆ ಅನ್ಸುತ್ತೆ."

"ಸ್ಟಾರ್‌ಗೋಸ್ಕರ ಮಿಸ್! ಮನೇಲೂ ಅಷ್ಟೇ, ರಾತ್ರಿ ಎದ್ದೆದ್ದು ಕುಡೀತಾಳೆ. ಮೊದ್ಲು ಒಂದು ಗುಟುಕು ಕುಡಿಸೋಕೆ ನಮ್ಮಮ್ಮ ಕಥೆ ಹೇಳ್ಬೇಕಿತ್ತು."

ಅವನ ಸಂತೋಷ ನೋಡಿ ನಾನೂ ನಕ್ಕು ತಲೆಯಾಡಿಸಿದೆ. ನನಗೂ ಏನು ಗೊತ್ತಿತ್ತು? ಸೆಖೆಯಿರಬಹುದು, ಹೊಟ್ಟೆಹುಳವಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ಮಗು ಬಾಟಲಿ ಎತ್ತುವುದನ್ನು ಕಂಡಾಗಲೆಲ್ಲ ಆ ಸಮಾಧಾನ ನಿಲ್ಲುತ್ತಿರಲಿಲ್ಲ. ಮೇಡಂಗೆ ಹೇಳಿದೆ. "ಆ್ಯಪಲ್ಲಿ ಹಾಕಿದೀರಲ್ಲ, ಅವ್ರಿಗೆ ಕಾಣ್ಸುತ್ತೆ ಬಿಡಿ" ಅಂದರು.

ಅವತ್ತು ಮಧ್ಯಾಹ್ನ ಮಗು ಆಟಕ್ಕೆ ಏಳದೆ ಗೋಡೆಗೆ ಒರಗಿ ಕೂತಿತ್ತು. ನಾನು ಫೋನ್ ತೆಗೆದು ಅದರ ಹೆಸರಿನ ಕೆಳಗೆ ಬರೆದೆ: "ಸ್ವಲ್ಪ ಮಂಕಾಗಿದ್ದಾಳೆ. ಸ್ವಲ್ಪ ನೋಡ್ಕೊಳ್ಳಿ." ಬರೆದು ಕಳಿಸಿದ ಮೇಲೆ ಎದೆಯ ಮೇಲಿನ ಭಾರ ಇಳಿಯಿತು. ಹೇಳಬೇಕಾದ್ದನ್ನು ಹೇಳಿಯಾಯಿತು, ಇನ್ನು ಅವರು ಇವತ್ತೇ ಡಾಕ್ಟರ ಹತ್ತಿರ ಓಡುತ್ತಾರೆ ಎಂದೇ ನಂಬಿದೆ. ತುಸು ಹೊತ್ತಿಗೆ ಅವನಿಂದ ಕೈಮುಗಿದ ಚಿತ್ರವೊಂದು ಬಂತು, ಜೊತೆಗೆ "ಥ್ಯಾಂಕ್ಯೂ ಮಿಸ್."

ಮಾರನೆಯ ದಿನವೂ ಮಗು ಸ್ಕೂಲಿಗೆ ಬಂತು. ಡಾಕ್ಟರ ಹತ್ತಿರ ಹೋಗಿದ್ರಾ ಎಂದು ಕೇಳಿದರೆ ಇಲ್ಲವೆಂದು ಜಡೆ ಅಲ್ಲಾಡಿಸಿತು. ನನಗೆ ಸಿಟ್ಟು ಬಂತು, ಎಂಥ ಜನ ಇವರು ಎಂದು. ಮಧ್ಯಾಹ್ನ ಅಜ್ಜಿ ಗೇಟಿಗೆ ಬಂದಾಗ ನಾನು ಕಿಟಕಿಗೆ ಹೋಗಿ, ಒಳಗೆ ಬನ್ನಿ ಎಂದು ಕೈಮಾಡಿ ಕರೆದೆ. ಅವರು ಕನ್ನಡಕದೊಳಗಿಂದ ನನ್ನತ್ತ ನೋಡಿ, ಪ್ರೀತಿಯಿಂದ ಟಾಟಾ ಮಾಡಿ, ಮಗುವಿನ ಕೈಯಿಂದಲೂ ಟಾಟಾ ಮಾಡಿಸಿದರು. ನಾನು ಚಪ್ಪಲಿ ಮೆಟ್ಟಿ ಓಡುವಷ್ಟರಲ್ಲಿ ಆಟೋ ತಿರುವು ದಾಟಿತ್ತು. "ಯಾಕ್ ಮಿಸ್ ಹೊರಗ್ ಬಂದ್ರಿ, ಮೇಡಂ ನನಗ್ ಬೈತಾರೆ" ಎಂದ ಕಾವಲಿನವನಿಗೆ ನಾನು ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಅದಾದ ಮೇಲೆ ಬಂದ ಶುಕ್ರವಾರ, ತಿಂಡಿಯ ಹೊತ್ತಿಗೆ ಮಗು ಚಾಪೆಯ ಮೇಲೆ ಮಲಗಿತ್ತು. ನಿದ್ದೆಯೆಂದುಕೊಂಡು ಮೊದಲು ಬಿಟ್ಟೆ. ಆಮೇಲೆ ಉಸಿರಿನ ಸದ್ದು ಕೇಳಿಸಿತು. ಓಡಿ ಬಂದವರ ಹಾಗೆ ದೊಡ್ಡ ದೊಡ್ಡ ಉಸಿರು. ಓಡದೆ, ಆಡದೆ ಮಲಗಿದ ಮಗುವಿಗೆ ಆ ಉಸಿರು ಯಾಕೆ? ಎತ್ತಿಕೊಂಡೆ. ಒಣಗಿದ ಬಟ್ಟೆ ಎತ್ತಿದಷ್ಟೂ ಭಾರವಿರಲಿಲ್ಲ. ಬಾಯಿಂದ ಅತಿಯಾಗಿ ಕಳಿತ ಹಣ್ಣಿನ ವಾಸನೆ ಬರುತ್ತಿತ್ತು. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು.

ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಫೋನು. ಒಳಪುಟ ಹುಡುಕಿ, "ಬಿಡ್ತು" ಎಂದು ನಾನೇ ಅಂದುಕೊಂಡು, ಕೆಂಪು ಗುಂಡಿ ಒತ್ತಿದೆ. ಆ್ಯಪ್ ಕೇಳಿತು: ಕಾರಣ ಆಯ್ಕೆ ಮಾಡಿ. ಬಿದ್ದದ್ದು, ಕಚ್ಚಿದ್ದು, ಜ್ವರ, ವಾಂತಿ. ಇವುಗಳಲ್ಲಿ ಒಂದೂ ಅಲ್ಲ. ಕಾರಣ ಹೇಳದೆ ಅದು ಮುಂದೆ ಹೋಗಲು ಒಪ್ಪಲಿಲ್ಲ. ಫೋನನ್ನು ಚಾಪೆಯ ಮೇಲೆ ಎಸೆದು "ಮೇಡಂ, ಆಟೋ ಹಿಡೀರಿ!" ಎಂದು ಕಿರುಚಿದೆ. ನನ್ನ ಕ್ಲಾಸಿನ ಮಕ್ಕಳೆಲ್ಲ ಅಳಲು ಶುರುಮಾಡಿದವು.

ಗಾಂಧಿ ಬಜಾರಿನ ಕಡೆ ಶುಕ್ರವಾರದ ಹೂವಿನ ಜನ. ಆಟೋದವನು ಒಂದು ಕೈ ಹಾರ್ನಿನ ಮೇಲೆ ಇಟ್ಟವನು ಆಸ್ಪತ್ರೆಯವರೆಗೂ ತೆಗೆಯಲಿಲ್ಲ. ಪಕ್ಕದಲ್ಲಿ ಮೇಡಂ ಮಗುವಿನ ತಂದೆಗೆ ಫೋನ್ ಮಾಡುತ್ತಲೇ ಇದ್ದರು. ನಾನು ಮಗುವಿನ ಮೂಗಿನ ಹತ್ತಿರ ಕೆನ್ನೆಯಿಟ್ಟು ಉಸಿರು ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ದಾರಿಯಲ್ಲಿ ಒಮ್ಮೆ ಮಾತ್ರ ಅದು ತುಟಿ ಆಡಿಸಿತು. "ನೀರು" ಎಂದಿತು.

ಮಗು ಉಳಿಯಿತು. ದಿನಾ ಸೂಜಿ ಚುಚ್ಚಿಸಿಕೊಂಡು ಉಳಿದಿದೆ. ಅದು ಆಮೇಲಿನ ಮಾತು, ಆ ಮಧ್ಯಾಹ್ನ ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಗಾಜಿನ ಬಾಗಿಲ ಹೊರಗಿನ ಬೆಂಚಿನ ಮೇಲೆ ಅವನು, ಅವನ ತಾಯಿ, ನಾನು ಕೂತಿದ್ದೆವು. ಮೇಡಂ ಉಳಿದ ಮಕ್ಕಳಿಗಾಗಿ ಹಿಂದಿರುಗಿದ್ದರು, ಮಗುವಿನ ತಾಯಿ ಮೆಟ್ರೋದಲ್ಲಿ ಇನ್ನೂ ದಾರಿಯಲ್ಲಿದ್ದಳು. ಡಾಕ್ಟರಮ್ಮ ಹೊರಗೆ ಬಂದು, ಸಕ್ಕರೆ ಕಾಯಿಲೆ, ಇಷ್ಟು ಚಿಕ್ಕ ಮಕ್ಕಳಿಗೂ ಬರುತ್ತದೆ, ತುಂಬ ತಡವಾಗಿದೆ, ನಾಳೆಯವರೆಗೆ ಏನೂ ಹೇಳಲಾಗುವುದಿಲ್ಲ ಎಂದರು. ನೀರು ಜಾಸ್ತಿ ಕುಡಿಯುತ್ತಿದ್ದಳಾ, ಎಷ್ಟು ದಿನದಿಂದ ಎಂದು ಕೇಳಿದರು. ಅವನು ಫೋನ್ ತೆಗೆದ. ಲೋಟಗಳೆಲ್ಲ ಅಲ್ಲಿದ್ದವು. ಬೆರಳಿನಿಂದ ಜರುಗಿಸುತ್ತ ಹೋದಂತೆ ಪರದೆಯ ತುಂಬ ನಕ್ಷತ್ರಗಳು ಇಳಿದು ಬಂದವು. ಡಾಕ್ಟರಮ್ಮ ಒಂದು ಕ್ಷಣ ನೋಡಿ ಒಳಗೆ ಹೋದರು.

ಅವನು ನನ್ನ ಕಡೆ ತಿರುಗಿದ. "ಒಂದ್ ಮಾತು ಹೇಳ್ಬಹುದಿತ್ತಲ್ವಾ ಮಿಸ್?"

ನನಗೆ ಮೈಯೆಲ್ಲ ಉರಿಯಿತು. "ಬರ್ದಿದೀನಿ, ನೋಡಿ" ಅಂದೆ.

ಅವನು ಹುಡುಕಿದ. ನಕ್ಷತ್ರಗಳ ನಡುವೆ ಅದು ಸಿಗಲು ತುಂಬ ಹೊತ್ತು ಹಿಡಿಯಿತು. "ಸ್ವಲ್ಪ ಮಂಕಾಗಿದ್ದಾಳೆ, ಸ್ವಲ್ಪ ನೋಡ್ಕೊಳ್ಳಿ" ಎಂದು ಓದಿ, ಮತ್ತೊಮ್ಮೆ ಓದಿದ. "ಇದು... ಸುಮ್ನೆ ಎಲ್ರೂ ಹೇಳ್ತಾರಲ್ಲ ಮಿಸ್, ಹಂಗೆ ಅನ್ಕೊಂಡೆ."

ಅಲ್ಲಿಯವರೆಗೂ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ದ ಅಜ್ಜಿ ತಟ್ಟನೆ ತಲೆಯೆತ್ತಿದರು.

"ಏನಂದೆ? ಟೀಚರ್ರು ನೋಡ್ಕೊಳ್ಳಿ ಅಂದಿದ್ರಾ?" ಅವರು ಮಗನ ತೋಳು ಹಿಡಿದುಕೊಂಡರು. "ಯಾವತ್ತೋ? ಯಾವತ್ತು ಅಂದಿದ್ರು? ನನಗ್ಯಾಕೋ ಹೇಳ್ಲಿಲ್ಲ ನೀನು?"

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ನರ್ಸು ಹೊರಗೆ ಬಂದಳು. "ಮಗು ಕಡೆಯವ್ರು ಯಾರು? ಬೇಗ ಬನ್ನಿ" ಎಂದಳು. ಮೂವರೂ ಒಟ್ಟಿಗೆ ಎದ್ದು ನಿಂತೆವು. ಅಜ್ಜಿಯ ಕೈ ಮಗನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.