ಕರುವಿಲ್ಲದ ಸಾವು

ನನಗೆ ಜ್ವರ ಬಂದಿದೆಯೆಂದು ಮೊದಲು ಬಾಯಿಬಿಟ್ಟು ಹೇಳಿದವರು ಮಾಸಿ ಹೆತ್ತೆ. ಹೆತ್ತೆ ಎಂದರೆ ಈ ನೀಲಗಿರಿಯ ಬಡಗರ ಮಾತಿನಲ್ಲಿ ಅಜ್ಜಿ.

ಹೇಳಿದವರು ಅವರು. ಗೊತ್ತಿದ್ದವಳು ನಾನು.

ಆ ಗುರುವಾರ ಏಳುವಾಗಲೇ ಗಂಟಲು ಕೆರೆಯುತ್ತಿತ್ತು. ಕಣ್ಣು ಹೊರಳಿಸಿದರೆ ನೋವು. ಸೊಂಟಕ್ಕೆ ಯಾರೋ ಗುದ್ದಿದ ಹಾಗಿತ್ತು. ಹಣೆಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು, ಶಾಲು ಹೊದ್ದು, ಚೀಲ ಹೆಗಲಿಗೇರಿಸಿದೆ. ನಮ್ಮವರು ಮಿಷನ್ ಶಾಲೆಯ ಮೇಷ್ಟರು, ಜಗಳಕ್ಕೆ ನಿಲ್ಲುವವರಲ್ಲ. ಅವತ್ತು ಮಾತ್ರ ಬಾಗಿಲಿಗೆ ಅಡ್ಡ ನಿಂತರು.

"ಇವತ್ತು ಬೇಡ ಕಣೇ. ಊಟಿ ಬಜಾರಿನಲ್ಲಿ ಜನ ಒಬ್ಬರ ಹಿಂದೊಬ್ಬರು ಮಲಗ್ತಿದಾರಂತೆ. ಇನ್‌ಫ್ಲುಯೆಂಜಾ ಅಂತಾರೆ."

"ಒಂದು ನೆಗಡಿಗೆ ಎಂಥಾ ಹೆಸರು ಇಟ್ಟಿದಾರಪ್ಪಾ! ದಾರಿ ಬಿಡಿ" ಅಂದೆ.

ಹಟಮಾರಿ ಎಂದು ನಮ್ಮಮ್ಮ ಸುಮ್ಮನೆ ಬೈಯುತ್ತಿರಲಿಲ್ಲ.

ಆದರೆ ಬರೀ ಹಟವೂ ಅಲ್ಲ. ಬಡಗರ ಊರುಗಳಿಗೆ, ಅಂದರೆ ಹಟ್ಟಿಗಳಿಗೆ, ಹೋಗಿ ಹೆಂಗಸರಿಗೆ ಸುವಾರ್ತೆ ಹೇಳುವುದು ನನ್ನ ಕೆಲಸ. ಮೈಸೂರು ಸೀಮೆಯಿಂದ ಮದುವೆಯಾಗಿ ಈ ಬೆಟ್ಟಕ್ಕೆ ಬಂದವಳು ನಾನು. ನಮ್ಮ ಮಿಷನ್ನಿನ ದೊರೆಗಳು ಜರ್ಮನ್ನರು, ಯುದ್ಧ ಶುರುವಾದ ಮೇಲೆ ಸರ್ಕಾರ ಅವರನ್ನು ಕಳಿಸಿಬಿಟ್ಟಿತು. ಹೊರಡುವ ದಿನ ದೊರೆಸಾನಿ ನನ್ನ ಕೈ ಹಿಡಿದು, ಲೋಕದ ತುದಿಗೆಲ್ಲ ಹೋಗಿ ಸಾರಬೇಕೆಂಬ ಅಪ್ಪಣೆ ಇದೆಯಲ್ಲ, ನಿನ್ನ ಲೋಕ ಈ ಹಟ್ಟಿಗಳು, ಬಿಡಬೇಡ ಎಂದರು. ಅದನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡಿದ್ದೆ. ಮಳೆಯಲ್ಲಿ ಹೋದೆ. ಹಿಮ ಬಿದ್ದು ಹುಲ್ಲು ಸುಟ್ಟ ದಿನಗಳಲ್ಲೂ ಹೋದೆ. ಒಬ್ಬರೂ ನಮ್ಮ ಸಭೆಗೆ ಸೇರಲಿಲ್ಲ.

ಮಾಸಿ ಹೆತ್ತೆಯ ಹಟ್ಟಿ ಲವ್‌ಡೇಲ್ ಸ್ಟೇಷನ್ನಿನ ಹಿಂದಿನ ಏರು ದಾಟಿದರೆ ಸಿಗುವ ಸಾಲುಮನೆ. ಬಡಗರಲ್ಲಿ ಕಿರಿಯರು ಹಿರಿಯರೆದುರು ತಲೆ ಬಾಗಿಸಬೇಕು, ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸಬೇಕು. ಅದೇ ಅವರ ನಮಸ್ಕಾರ. ಮೂರು ವರ್ಷ, ಹೋದಾಗಲೆಲ್ಲ, ಆ ಮುದುಕಿಯ ಮುಂದೆ ತಲೆ ಬಾಗಿಸಿದೆ. ಅವರು ಕೈ ಎತ್ತಲಿಲ್ಲ. "ಜಗಲೀಲಿ ಕೂರು" ಎನ್ನುವರು, ಅಷ್ಟೆ. ಹೊರಗಿನವಳನ್ನು, ಅದರಲ್ಲೂ ಬೇರೆ ದೇವರನ್ನು ಹೊತ್ತು ತಂದವಳನ್ನು, ಹೇಗೆ ಮುಟ್ಟಿಯಾರು? ಹಿಂದಿನ ವಾರ ಮಾತ್ರ ತಾವಾಗಿ, "ಗುರುವಾರ ಬಾ, ನಿನ್ನ ಕತೆ ಪೂರಾ ಕೇಳುತೇನೆ" ಎಂದಿದ್ದರು. ಅಂಥ ಗುರುವಾರವನ್ನು ನಾನು ಬಿಡುತ್ತೇನೆಯೇ?

ಏರು ಹತ್ತುವಾಗ ಎರಡು ಸಲ ಕುಳಿತೆ. ಹಟ್ಟಿ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೆತ್ತೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ಎಂದಿನಂತೆ ತಲೆ ಬಾಗಿಸಿದೆ. ಬಾಗಿದವಳಿಗೆ ಏಳಲಾಗಲಿಲ್ಲ.

ಆಗ ಕೈ ಬಂತು. ಒರಟು ಅಂಗೈ, ತಣ್ಣಗಿತ್ತು.

"ಅಯ್ಯೋ ಹೆಣ್ಣೇ, ಮಂಡೆ ಕಿಚ್ಚಾಗಿದೆಯಲ್ಲ! ಹಿಟ್ಟು ತಿಂದಿಯಾ?"

ತಿಂದಿಲ್ಲವೆಂದೆನೋ ಇಲ್ಲವೋ ನೆನಪಿಲ್ಲ. ನನ್ನ ರಟ್ಟೆ ಹಿಡಿದು ಒಳಮನೆಗೆ ಕರೆದುಕೊಂಡು ಹೋದರು. ಮೂರು ವರ್ಷದಲ್ಲಿ ನಾನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಒಲೆಯ ಪಕ್ಕ ಕಂಬಳಿ ಹಾಸಿ ಮಲಗಿಸಿದರು. ಕೆಮ್ಮು ಬಂದಾಗ ಎದೆಗೊರಗಿಸಿಕೊಂಡು ಬೆನ್ನು ನೀವಿದರು. ಅವರ ಮುಖಕ್ಕೇ ಕೆಮ್ಮಿದೆ. ಬಿಸಿನೀರು ಗುಟುಕು ಗುಟುಕಾಗಿ ಕುಡಿಸಿದರು. ಮೂರು ವರ್ಷ ನಾನು ಕಾದಿದ್ದ ಬಾಗಿಲು ತೆರೆದಿತ್ತು, ಕೇಳುವವರು ಎದುರಿಗೇ ಕುಳಿತಿದ್ದರು, ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಸುದ್ದಿ ಮುಟ್ಟಿ, ಸಂಜೆಯೊಳಗೆ ನಮ್ಮವರು ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು ಡೋಲಿಯಲ್ಲಿ ಎತ್ತಿಸಿಕೊಂಡು ಹೋದರಂತೆ. ಅದೆಲ್ಲ ಅವರು ಹೇಳಿದ್ದು.

ಊಟಿಯ ಆಸ್ಪತ್ರೆಯಲ್ಲಿ ಮಂಚವಿರಲಿಲ್ಲ. ವಾರ್ಡಿನ ನೆಲದಲ್ಲಿ ಸಾಲಾಗಿ ಮಲಗಿಸಿದ್ದರು. ಡಾಕ್ಟರು ಎದೆಗೆ ಕೊಳವೆ ಇಟ್ಟು, "ಡಬಲ್ ನ್ಯುಮೋನಿಯಾ" ಎಂದು ನಮ್ಮವರಿಗೆ ಹೇಳಿದ್ದು ಕಿವಿಗೆ ಬಿತ್ತು. ಆಗ ನಗು ಬಂತು. ನೆಗಡಿಗೆ ಇನ್ನೂ ದೊಡ್ಡ ಹೆಸರು. ಪಕ್ಕದಲ್ಲಿದ್ದ ಹೆಂಗಸು ಬೆಳಿಗ್ಗೆ ನೀರು ಕೇಳಿದಳು. ಮಧ್ಯಾಹ್ನ ಆ ಜಾಗದಲ್ಲಿ ಬೇರೊಬ್ಬಳಿದ್ದಳು.

ಎಷ್ಟು ದಿನ ಹಾಗೆ ಬಿದ್ದಿದ್ದೆನೋ. ಉಸಿರು ಎಳೆದರೆ ಪಕ್ಕೆಯಲ್ಲಿ ಚೂರಿ ಆಡಿಸಿದ ಹಾಗೆ. ಕಫದಲ್ಲಿ ರಕ್ತ. ನಮ್ಮವರು ಶಾಲೆ ಮುಚ್ಚಿ ನನ್ನ ಪಕ್ಕದಲ್ಲೇ ಕುಳಿತುಬಿಟ್ಟರು. ಎದೆಗೆ ಬಿಸಿ ಹಿಟ್ಟಿನ ಪಟ್ಟು ಹಾಕುವುದು, ಮಿಕ್ಸ್ಚರ್ ಕುಡಿಸುವುದು, ಮಲ ತೆಗೆಯುವುದು, ಎಲ್ಲ ಅವರೇ. ಒಂದು ದಿನ ಗಂಜಿ ಕುಡಿಸುವಾಗ, "ಹೆತ್ತೆ ಹೇಗಿದಾರೆ?" ಎಂದೆ.

"ಮೊದಲು ಗಂಜಿ ಕುಡಿ."

ಮಾರನೆಯ ದಿನವೂ ಕೇಳಿದೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಟ್ಟಲು ತೊಳೆಯಲು ಎದ್ದು ಹೋದರು.

ಮನೆಗೆ ಬಂದು ಎಂಟು ದಿನವಾದ ಮೇಲೆ, ನಾನು ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆದ ಮೇಲೆ, ಹೇಳಿದರು.

ಮಾಸಿ ಹೆತ್ತೆ ಹೋಗಿದ್ದರು. ನಾನು ಅವರ ಮನೆಯಲ್ಲಿ ಮಲಗಿದ ಆರನೆಯ ದಿನಕ್ಕೆ.

ಅದಾದ ಮೇಲೆ ಮೈ ಒಂದು ಕಡೆ, ನಾನೊಂದು ಕಡೆ. ತಲೆಗೂದಲು ಹಿಡಿ ಹಿಡಿಯಾಗಿ ಉದುರಿತು. ನಾಲಗೆಗೆ ಉಪ್ಪು ತಿಳಿಯದು, ಸಿಹಿ ತಿಳಿಯದು. ಇದ್ದಕ್ಕಿದ್ದಂತೆ ನೆತ್ತಿಯ ಮೇಲೆ ಆ ಅಂಗೈ ಬಂದು ಕೂರುತ್ತಿತ್ತು. ಹಿಟ್ಟು ತಿರುವುವಾಗ, ಬಟ್ಟೆ ಹಿಂಡುವಾಗ, ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಂತೂ ತಪ್ಪದೆ. ತಣ್ಣನೆಯ, ಒರಟು ಕೈ. ಭಯಕ್ಕೆ ಕಣ್ಣು ತೆರೆದೇ ಪ್ರಾರ್ಥಿಸತೊಡಗಿದೆ. ಯಾರ ಹತ್ತಿರ ಹೇಳಲಿ? ಸಭೆಯವರು ಬಂದು, "ನಿಮ್ಮನ್ನು ಕರ್ತನು ತನ್ನ ಕೆಲಸಕ್ಕೆ ಉಳಿಸಿದ್ದಾನೆ" ಎಂದಾಗ ಒಬ್ಬರ ಮೇಲೆ ರೇಗಿದೆ. "ಆ ಮುದುಕೀನ ಯಾಕೆ ಉಳಿಸಲಿಲ್ಲ ಹಾಗಾದರೆ?" ಎಂದೆ. ಅವರು ಪೆಚ್ಚಾಗಿ ಕಾಫಿ ಕುಡಿಯದೆ ಹೋದರು.

ನಮ್ಮವರು, "ಅದು ಗಾಳಿಯಲ್ಲಿ ಬರೋದು, ರೈಲಿನಲ್ಲಿ ಬರೋದು. ನೀನೇ ತಂದೆ ಅಂತ ಯಾಕೆ ಅಂದ್ಕೋತೀಯ?" ಎಂದರು. ಬೇರೆ ಮನೆಗಳಲ್ಲೂ ಸತ್ತಿದ್ದರು, ನಿಜ. ಆದರೆ ಆ ಹಟ್ಟಿಯಲ್ಲಿ ಮೊದಲು ಮಲಗಿದವರು ಹೆತ್ತೆ. ಅದೂ ನಿಜ.

ನಡೆಯುವ ಶಕ್ತಿ ಬಂದ ಮೊದಲ ಗುರುವಾರ ಹೊರಟೆ. ಈ ಸಲ ಚೀಲವಿರಲಿಲ್ಲ. ನನಗೆ ಜ್ವರವಿದ್ದದ್ದು ಮನೆ ಬಿಡುವಾಗಲೇ ಗೊತ್ತಿತ್ತೆಂದು ಅವರ ಮನೆಯವರಿಗೆ ಹೇಳಲೇಬೇಕಿತ್ತು. ಹೇಳಿದರೆ ಆ ಬಾಗಿಲು ಮುಚ್ಚುತ್ತದೆ, ಅದೂ ಗೊತ್ತಿತ್ತು.

ಜಗಲಿಯಲ್ಲಿ ಹೆತ್ತೆಯ ಸೊಸೆ ಬೆಳ್ಳಿ ಆಲೂಗಡ್ಡೆ ಆರಿಸುತ್ತಿದ್ದಳು. ನನಗಿಂತ ಚಿಕ್ಕವಳು. ನನ್ನ ಬೋಳು ಮಂಡೆ ನೋಡಿ, "ಬದುಕಿದಿಯಾ ಅಕ್ಕಾ?" ಎಂದಳು. ದನಿಯಲ್ಲಿ ಸಿಟ್ಟೂ ಇಲ್ಲ, ಸಂತೋಷವೂ ಇಲ್ಲ.

ನಿಂತೇ ಹೇಳಿದೆ. ಗೊತ್ತಿದ್ದೇ ಬಂದೆ, ಬೆಳ್ಳಿ. ಬೇಡವೆಂದರೂ ಬಂದೆ.

ಅವಳು ಒಂದು ಗಡ್ಡೆಯ ಮಣ್ಣನ್ನು ಬಹಳ ಹೊತ್ತು ಕೆರೆದಳು.

"ಹೆತ್ತೆಗೂ ಗೊತ್ತಾಯ್ತು. ಕೈಯಿಟ್ಟ ಕೂಡಲೇ ಗೊತ್ತಾಯ್ತು. ನನ್ನನ್ನ, ಕೂಸನ್ನ ಆಚೆ ಮನೆಗೆ ಅಟ್ಟಿಬಿಟ್ಟಳು. ಕೆಳಗಿನ ಹಟ್ಟಿಲಿ ಆಗಲೇ ಇಬ್ಬರು ಸತ್ತಿದ್ದರು. ಅವಳನ್ನ ಜಗಲೀಲಿ ಬಿಡು ಹೆತ್ತೇ ಅಂದೆ. ಬಾಯಿ ಮುಚ್ಚು, ಹೋಗು ಅಂದಳು."

ನಾನು ಜಗಲಿಯ ಅಂಚಿನಲ್ಲಿ ಕುಳಿತೆ.

"ಅವಳ ಸಾವು ನನಗೆ ದೊಡ್ಡದಲ್ಲ ಅಕ್ಕಾ, ಮುದುಕಿ" ಎಂದಳು ಬೆಳ್ಳಿ. "ಕರು ಬಿಡಲಿಲ್ಲ. ಅದು ನನ್ನ ತಿಂತಾ ಇದೆ."

ಬಡಗರಲ್ಲಿ ಸತ್ತವರ ಪಾಪಗಳನ್ನು ಹೆಣದ ಮುಂದೆ ಹಿರಿಯನೊಬ್ಬ ಒಂದೊಂದಾಗಿ ಹೇಳುತ್ತಾನೆ. ಸುತ್ತ ನಿಂತವರು ಪ್ರತಿಯೊಂದಕ್ಕೂ "ಪಾಪ" ಎಂದು ದನಿಗೂಡಿಸುತ್ತಾರೆ. ಅದನ್ನೆಲ್ಲ ಒಂದು ಎಳೆಗರುವಿನ ಮೇಲೆ ಹೊರಿಸಿ ಅಟ್ಟಿಬಿಡುತ್ತಾರೆ. ಆ ಕರು ಮತ್ತೆ ಹಟ್ಟಿಗೆ ಬರಬಾರದು. ಹಾಗೆ ಮಾಡದಿದ್ದರೆ ಸತ್ತವರಿಗೆ ದಾರಿಯಿಲ್ಲ. ಹೆತ್ತೆ ಸತ್ತಾಗ ಗಂಡಸರೆಲ್ಲ ಜ್ವರದಲ್ಲಿ ಮಲಗಿದ್ದರು. ಪಾಪ ಹೇಳುವ ಹಿರಿಯನೂ ಮಲಗಿದ್ದ. ಹೊರಲು ನಾಲ್ಕು ಜನ ಸಿಕ್ಕಿದ್ದೇ ಹೆಚ್ಚು. ಸುಮ್ಮನೆ ಸುಟ್ಟು ಬಂದಿದ್ದರು.

ಇದೇ ಪದ್ಧತಿಯನ್ನು ನಾನು ಇದೇ ಜಗಲಿಯಲ್ಲಿ ಕುಳಿತು ಹೀಯಾಳಿಸಿದ್ದೆ. ಪಾಪ ಹೊರಲು ಕರು ಯಾಕೆ, ಹೊತ್ತವನೊಬ್ಬ ಇದ್ದಾನೆ ಎಂದು ನಗುತ್ತಾ ಹೇಳಿದ್ದೆ.

ಬೆಳ್ಳಿ ಅದನ್ನು ಮರೆತಿರಲಿಲ್ಲ. "ನೀ ಹೇಳ್ತಿದ್ದೆಯಲ್ಲ, ನಿಮ್ಮ ದೇವರು ಹೊತ್ತ ಅಂತ. ಅವನ ಮಾತು ಕೇಳದೆ ಹೋದವರದನ್ನೂ ಹೊರುತಾನಾ? ನಮ್ಮ ಹೆತ್ತೇದು?"

ಇದಕ್ಕೆ ಉತ್ತರ ನಾನು ಕಲಿತವಳು. ಮೂರು ವರ್ಷ ಅದನ್ನು ಪಟಪಟನೆ ಹೇಳಿದವಳು. ನಂಬದೆ ಸತ್ತವರಿಗೆ ದಾರಿಯಿಲ್ಲ ಎಂದೇ ನನಗೆ ಹೇಳಿಕೊಟ್ಟಿದ್ದರು.

"ನನಗೆ ಗೊತ್ತಿಲ್ಲ ಬೆಳ್ಳಿ" ಅಂದೆ.

ಅವಳು ಮುಖ ತಿರುಗಿಸಿದಳು. ಹೆತ್ತೆ ಸತ್ತ ಮೇಲೆ ಅವಳು ಅತ್ತಿರಲಿಲ್ಲವಂತೆ. ಈಗಲೂ ಅಳಲಿಲ್ಲ. ಅದನ್ನು ನನಗೆ ನೋಡಲಾಗಲಿಲ್ಲ.

"ಕರು ಇಲ್ಲದಿದ್ದರೆ ನಾನಿದ್ದೇನೆ. ನನ್ನ ಮೇಲೆ ಹೊರಿಸು" ಅಂದೆ.

"ಹುಚ್ಚಾ ನಿನಗೆ? ಆಮೇಲೆ ನೀ ಈ ಹಟ್ಟಿಗೆ ಕಾಲಿಡೋ ಹಾಗಿಲ್ಲ."

"ಗೊತ್ತು."

"ಎಂದಿಗೂ."

"ಗೊತ್ತು ಅಂದೆನಲ್ಲ, ಶುರುಮಾಡು."

ನಾನು ಅಂಗಳದಲ್ಲಿ ಮೊಣಕಾಲೂರಿದೆ. ಬೆಳ್ಳಿ ಹೆಂಗಸು, ಪಾಪ ಹೇಳುವುದು ಅವಳ ಕೆಲಸವಲ್ಲ. ಕ್ರಮವಾದ ಮಾತುಗಳೂ ಅವಳಿಗೆ ಬಾರವು. ನನ್ನ ಬೆನ್ನ ಮೇಲೆ ಮಣ್ಣಿನ ಕೈಯಿಟ್ಟು, ತನಗೆ ತಿಳಿದದ್ದನ್ನು ಹೇಳಿದಳು.

"ಸೊಸೇನ ಬೈದಳು."

"ಪಾಪ" ಅಂದೆ.

"ಕೂಸು ಕೇಳಿದಾಗ ಬೆಲ್ಲ ಬಚ್ಚಿಟ್ಟಳು."

"ಪಾಪ."

"ಹೆರಿಗೆಗೆ ಕರೆದಾಗ ಓರಗಿತ್ತಿಯ ಮನೆಗೆ ಹೋಗಲಿಲ್ಲ. ಆ ಕೂಸು ಉಳಿಯಲಿಲ್ಲ."

"ಪಾಪ."

ಹೀಗೆ ಬಹಳ ಹೇಳಿದಳು. ಕೊನೆಗೆ, "ಕಾಯಿಲೆಯವಳನ್ನ ಒಳಗೆ ಕರೆದಳು" ಎಂದು ನಿಲ್ಲಿಸಿದಳು. ನಾನು ಬಾಯಿ ತೆರೆಯಲಿಲ್ಲ. ಅವಳೂ ಕಾಯಲಿಲ್ಲ. "ಅದು ಬೇಡ, ಅದನ್ನ ಅವಳ ಹತ್ತಿರವೇ ಬಿಡೋಣ" ಎಂದಳು.

ಆಗ ನಾನೇ ಹೇಳಿದೆ. "ಜ್ವರ ಇದೆಯೆಂದು ಗೊತ್ತಿದ್ದೂ ಒಬ್ಬಳು ಬಂದಳು."

ಬೆನ್ನ ಮೇಲಿನ ಕೈ ಅಲುಗಲಿಲ್ಲ. ಎಲ್ಲೋ ಒಂದು ಎಮ್ಮೆ ಕೂಗಿತು. ನಾನು ಕಾದೆ.

"ಪಾಪ" ಎಂದಳು ಬೆಳ್ಳಿ.

ಕರುವನ್ನು ಅಟ್ಟುವ ಹಾಗೆ ಬೆನ್ನು ತಳ್ಳಿದಳು. ಮೆಲ್ಲಗೇ ತಳ್ಳಿದಳು. ಆಮೇಲೆ ಅಳು ಕೇಳಿಸಿತು. ಕರುವಾದವಳು ಹಿಂದಿರುಗಿ ನೋಡಬಾರದು. ನಾನು ನೋಡಲಿಲ್ಲ.

ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಸಭೆಗೆ ತಿಳಿದರೆ ಕೆಲಸ ಹೋಗುತ್ತದೆ ಎಂದರು. ಹೋದರೆ ಹೋಗಲಿ ಎಂದೆ. "ಕೈಕಾಲು ತೊಳ್ಕೊ, ಮೊಣಕಾಲೆಲ್ಲ ಮಣ್ಣಾಗಿದೆ" ಎಂದು ತಾವೇ ಬಿಸಿನೀರು ತಂದರು.

ಕೂದಲು ಒಂದು ಬೆರಳಷ್ಟು ಬೆಳೆದಿದೆ. ಉಪ್ಪಿನ ರುಚಿ ತಿಳಿಯುತ್ತಿದೆ. ಏರಿನಲ್ಲಿ ಇನ್ನೂ ಉಸಿರು ಹಿಡಿಯುತ್ತದೆ, ನಿಂತು ನಿಂತು ಹತ್ತುತ್ತೇನೆ. ಬೇರೆ ಹಟ್ಟಿಗಳಿಗೆ ಹೋಗುತ್ತೇನೆ, ಮೈ ಬೆಚ್ಚಗಿದ್ದ ದಿನ ಮಾತ್ರ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಆ ಅಂಗೈ ಈಗಲೂ ಬರುತ್ತದೆ. ಬರಲಿ ಎಂದು ಸುಮ್ಮನಿರುತ್ತೇನೆ.

ಬದುಕಿದ್ದೇನೆ. ಅದಕ್ಕಾಗಿ ಯಾರಿಗೆ ಕೈಮುಗಿಯಬೇಕೋ, ಅವರ ಮನೆಗೆ ನಾನು ಇನ್ನು ಹೋಗುವ ಹಾಗಿಲ್ಲ.